ಕ್ರಾಫ್ಟ್ ಬಿಯರ್ ರುಚಿ ಹಿಡಿಯೋದು ಹೇಗೆ: ಬೆಂಗಳೂರಲ್ಲಿ ಹೊಸದಾಗಿ ಶುರು ಮಾಡೋರಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಲ್ಲಿ ಯಾವ್ದಾದ್ರೂ ಮೈಕ್ರೋಬ್ರೂವರಿಗೆ (ಬಿಯರನ್ನ ಅಲ್ಲೇ ಮಾಡಿ ಅಲ್ಲೇ ಕೊಡೋ ಪಬ್‌ಗೆ) ಹೋಗಿ ಕೂತು ಮೆನು ತೆಗೆದ್ರೆ ವಿಟ್, ವೈಸ್, ಆಂಬರ್ ಏಲ್, ಐಪಿಎ, ಸ್ಟೌಟ್ ಅಂತ ಏಳೆಂಟು ಹೆಸರು ಕಾಣತ್ತೆ, ಅದೆಲ್ಲ ಓದಿ ಆದ್ಮೇಲೆ ತುಂಬಾ ಜನ "ಬಾಸ್, ಯಾವ್ದಾದ್ರೂ ಲೈಟಾಗಿರೋದು ಕೊಡಿ" ಅಂದು ಮುಗಿಸ್ಬಿಡ್ತಾರೆ. ಹಾಗೆ ಕುಡಿದ್ರೆ ಏನೂ ತಪ್ಪಿಲ್ಲ. ಆದ್ರೆ ಆ ಏಳೆಂಟು ಗ್ಲಾಸಲ್ಲಿ ಒಂದಕ್ಕೊಂದು ಸಂಬಂಧಾನೇ ಇಲ್ವೇನೋ ಅನ್ನೋಷ್ಟು ರುಚಿ ಬೇರೆಬೇರೆ ಇರತ್ತೆ, ಅದನ್ನ ಗುರುತು ಹಿಡಿಯೋಕೆ ಬೇಕಾಗಿರೋದು ಒಂದು ಮೂಗು, ಸ್ವಲ್ಪ ತಾಳ್ಮೆ, ಆಮೇಲೆ ನಿಮ್ಮನೆ ಅಡುಗೆಮನೆ. ಹೌದು, ಅಡುಗೆಮನೆನೇ. ಧನಿಯಾ, ಲವಂಗ, ಏಲಕ್ಕಿ ಬಾಳೆ, ಫಿಲ್ಟರ್ ಕಾಫಿ, ಕಿತ್ತಳೆ ಸಿಪ್ಪೆ, ಇಷ್ಟರ ವಾಸನೆ ಕಣ್ಮುಚ್ಚಿ ಹೇಳೋಕೆ ಬಂದ್ರೆ ಅರ್ಧ ಪಾಠ ಆಗ್ಲೇ ಆದಂಗೆ. ಬಿಯರ್ ಬಗ್ಗೆ ಬರೆಯೋರು ಪ್ಯಾಶನ್ ಫ್ರೂಟು, ಪೈನ್ ಮರ ಅಂತೆಲ್ಲ ಬರೀತಾರೆ, ಅದನ್ನ ನೋಡಿ ಇದು ನಮಗಲ್ಲ ಅಂತ ಹಿಂದೆ ಸರಿಯೋದು ಬೇಡ, ನಮ್ಮ ಮೂಗಿಗೆ ನಮ್ಮದೇ ವಾಸನೆಗಳು ಸಾಕು.

ಎರಡು ಮಾತು ಮೊದ್ಲೇ ಹೇಳ್ಬಿಡ್ತೀನಿ. ನಿಮಗೆ 21 ತುಂಬಿರ್ಬೇಕು. ಮತ್ತೆ ಈಗ ಕುಡಿಯೋ ಅಭ್ಯಾಸ ಇಲ್ದೇ ಇರೋರು ಇದನ್ನ ಓದಿ ಶುರು ಮಾಡೋ ಅಗತ್ಯ ಖಂಡಿತ ಇಲ್ಲ. ಇದು ಹೇಗೂ ಆಗೊಮ್ಮೆ ಈಗೊಮ್ಮೆ ಬಿಯರ್ ಕುಡಿಯೋರು ಕಮ್ಮಿ ಕುಡಿದು ಜಾಸ್ತಿ ರುಚಿ ನೋಡ್ಲಿ ಅಂತ ಬರೀತಿರೋದು.

1. ಗ್ಲಾಸೊಳಗೆ ಏನಿದೆ ಅಂತ ತಿಳ್ಕೊಳ್ಳಿ

ಮುಖ್ಯವಾಗಿ ನಾಲ್ಕೇ ಸಾಮಾನು: ಮಾಲ್ಟ್, ಹಾಪ್ಸ್, ಯೀಸ್ಟ್, ನೀರು. 1516ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೆ ಏನೂ ಹಾಕಂಗಿಲ್ಲ ಅಂತ ಕಾನೂನೇ ಬಂತು. ಆ ಪಟ್ಟೀಲಿ ಯೀಸ್ಟ್ ಹೆಸರಿಲ್ಲ ನೋಡಿ. ಅದೊಂದು ಜೀವ, ಅದೇ ಸಕ್ಕರೆ ತಿಂದು ಆಲ್ಕೋಹಾಲ್ ಮಾಡೋದು ಅಂತ ಸರಿಯಾಗಿ ಗೊತ್ತಾಗಿದ್ದು 19ನೇ ಶತಮಾನದಲ್ಲಿ, ಲೂಯಿ ಪಾಶ್ಚರ್ ಕಾಲಕ್ಕೆ.

ಮಾಲ್ಟ್ ಏನು ಅಂತ ನಮ್ಮ ಕಡೆಯವ್ರಿಗೆ ಜಾಸ್ತಿ ಬಿಡಿಸಿ ಹೇಳೋದು ಬೇಕಿಲ್ಲ. ರಾಗಿ ನೆನೆಸಿ, ಬಟ್ಟೇಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದ್ರೆ ರಾಗಿ ಮಾಲ್ಟ್ ಪುಡಿ ಆಗತ್ತಲ್ಲ, ಬಾರ್ಲಿಗೂ ಹೆಚ್ಚುಕಮ್ಮಿ ಅದೇ ಕೆಲಸ. ಮೊಳಕೆ ಬರೋವಾಗ ಕಾಳೊಳಗೆ ಎಂಜೈಮ್ ತಯಾರಾಗತ್ತೆ, ಆಮೇಲೆ ಬ್ರೂವರ್, ಅಂದ್ರೆ ಬಿಯರ್ ಮಾಡೋರು, ಆ ಮಾಲ್ಟನ್ನ ತರಿತರಿಯಾಗಿ ಒಡೆದು 65 ಡಿಗ್ರಿ ಆಸುಪಾಸು ಬಿಸಿ ಇರೋ ನೀರಲ್ಲಿ ಒಂದು ಗಂಟೆ ಹೊತ್ತು ಇಟ್ರೆ ಆ ಎಂಜೈಮ್ ಪಿಷ್ಟಾನೆಲ್ಲ ಸಕ್ಕರೆ ಮಾಡಿಬಿಡತ್ತೆ, ಆ ಸಿಹಿ ನೀರೇ ಬಿಯರ್‌ಗೆ ಮೂಲ. ಮಾಲ್ಟನ್ನ ಎಷ್ಟು ಹುರಿದಿದ್ದಾರೆ ಅನ್ನೋದರ ಮೇಲೆ ಬಣ್ಣ. ಸುಮ್ನೆ ಒಣಗಿಸಿದ್ರೆ ಹೊಂಬಣ್ಣ ಮತ್ತೆ ಬ್ರೆಡ್ ಥರದ ಘಮ, ಇನ್ನೂ ಸ್ವಲ್ಪ ಹೋದ್ರೆ ಬಿಸ್ಕತ್ತು, ಕ್ಯಾರಮೆಲ್, ಪೂರ್ತಿ ಕಪ್ಪಗೆ ಹುರಿದ್ರೆ ಕಾಫಿ, ಕೋಕೋ.

ಹಾಪ್ಸ್ ಅಂದ್ರೆ ಒಂದು ಬಳ್ಳಿಯ ಹೂವು, ಹಸಿರು ಮೊಗ್ಗಿನ ಥರ ಇರತ್ತೆ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೇಲಿ ಸ್ವಲ್ಪ ಬೆಳೆದಿದ್ದಾರೆ, ಆದ್ರೆ ಇಲ್ಲಿನ ಬ್ರೂವರಿಗಳಿಗೆ ಬರೋದು ಹೆಚ್ಚಾಗಿ ಜರ್ಮನಿ, ಅಮೆರಿಕದ ಕಡೆಯಿಂದ. ಸಿಹಿ ನೀರು ಕುದಿಯೋಕೆ ಶುರುವಾದಾಗಲೇ ಹಾಕಿ ಒಂದು ಗಂಟೆ ಕುದಿಸಿದ್ರೆ ಕಹಿ ಬಿಡತ್ತೆ, ಕೊನೇಲಿ ಇಳಿಸೋ ಹೊತ್ತಿಗೆ ಹಾಕಿದ್ರೆ ಕಹಿ ಕಮ್ಮಿ ಘಮ ಜಾಸ್ತಿ. ಇದು ನಮಗೆ ಹೊಸದೇನಲ್ಲ, ಕೊತ್ತಂಬರಿ ಸೊಪ್ಪನ್ನ ಸಾರು ಇಳಿಸೋವಾಗ ಯಾಕೆ ಹಾಕ್ತೀವಿ ಅಂತ ಎಲ್ಲರ ಮನೇಲೂ ಗೊತ್ತು.

ಯೀಸ್ಟೇ ನಿಜವಾದ ಕಲಾವಿದ ಅಂತ ನನಗನ್ಸತ್ತೆ. ಯಾವ ಯೀಸ್ಟ್ ಅನ್ನೋದರ ಮೇಲೇ ಬಿಯರಲ್ಲಿ ಏಲ್, ಲಾಗರ್ ಅಂತ ಎರಡು ದೊಡ್ಡ ಬಗೆ. ಏಲ್ ಯೀಸ್ಟು ಸುಮಾರು 18ರಿಂದ 22 ಡಿಗ್ರೀಲಿ ಚುರುಕಾಗಿ ಕೆಲಸ ಮಾಡಿ ಹಣ್ಣಿನ, ಮಸಾಲೆಯ ಘಮ ಬಿಡತ್ತೆ. ಲಾಗರ್ ಯೀಸ್ಟು 10 ಡಿಗ್ರಿ ಆಸುಪಾಸಲ್ಲಿ ನಿಧಾನಕ್ಕೆ ಕೆಲಸ ಮಾಡತ್ತೆ, ಆಮೇಲೆ ಹತ್ತಿರಹತ್ತಿರ ಸೊನ್ನೆ ಡಿಗ್ರೀಲಿ ವಾರಗಟ್ಟಲೆ ಇಡ್ತಾರೆ, ಅದಕ್ಕೇ ಲಾಗರ್ ಅಷ್ಟು ಕ್ಲೀನಾಗಿರೋದು. ಲಾಗರ್ ಮಾಡೋಕೆ ಟ್ಯಾಂಕ್ ಜಾಸ್ತಿ ದಿನ ಹಿಡಿಯತ್ತೆ, ಬಚ್ಚಿಡೋಕೆ ಘಮ ಏನೂ ಇಲ್ಲ, ಒಂದು ಚೂರು ಎಡವಟ್ಟಾದ್ರೂ ಎದ್ದು ಕಾಣತ್ತೆ. ಹಾಗಾಗಿ ಒಂದು ಜಾಗದಲ್ಲಿ ಲಾಗರ್ ಚೆನ್ನಾಗಿದ್ರೆ ಅಲ್ಲಿ ಬ್ರೂವರ್ ಕೆಲಸ ಗಟ್ಟಿ ಅಂತ ನಂಬಬಹುದು.

ನೀರಿನ ಬಗ್ಗೆ ಒಂದೇ ಮಾತು. ಜೆಕ್ ದೇಶದ ಪಿಲ್ಸೆನ್ ಊರಿನ ನೀರು ತುಂಬಾ ಮೃದು, ಅಲ್ಲಿ 1842ರಲ್ಲಿ ಯೋಸೆಫ್ ಗ್ರೋಲ್ ಅನ್ನೋ ಬ್ರೂವರ್ ಮಾಡಿದ ಹೊಂಬಣ್ಣದ ಲಾಗರ್ರೇ ಇವತ್ತಿನ ಎಲ್ಲ ಪಿಲ್ಸ್ನರ್‌ಗೂ ಅಜ್ಜ. ಇಂಗ್ಲೆಂಡಿನ ಬರ್ಟನ್ ಊರಿನ ನೀರಲ್ಲಿ ಜಿಪ್ಸಮ್ ಜಾಸ್ತಿ, ಅದು ಹಾಪ್ಸ್ ಕಹೀನ ಎತ್ತಿ ತೋರಿಸತ್ತೆ. ಈಗ ನೀರನ್ನ ಶುದ್ಧ ಮಾಡಿ ಬೇಕಾದ ಲವಣ ಸೇರಿಸ್ಕೊಂಡು ಯಾವ ಊರಿನ ನೀರನ್ನ ಬೇಕಾದ್ರೂ ಎಲ್ಲಿ ಬೇಕಾದ್ರೂ ಮಾಡ್ಕೋಬಹುದು.

2. ಪಬ್‌ಗೆ ಹೋಗೋ ಮುಂಚೆ ಮನೇಲಿ ಮೂಗು ಪಳಗಿಸಿ

ಈ ಹೆಜ್ಜೆ ಬಿಡ್ಬೇಡಿ ದಯವಿಟ್ಟು. ಇದಕ್ಕೆ ಖರ್ಚೇ ಇಲ್ಲ ಮತ್ತೆ ಇದರಿಂದ ಆಗೋಷ್ಟು ಪ್ರಯೋಜನ ಬೇರೆ ಯಾವುದರಿಂದಲೂ ಆಗಲ್ಲ.

ಸಣ್ಣಸಣ್ಣ ಬಟ್ಟಲಲ್ಲಿ ಇವನ್ನ ಇಡಿ: ಸ್ವಲ್ಪ ಜಜ್ಜಿದ ಧನಿಯಾ, ಎರಡು ಲವಂಗ, ಕಪ್ಪು ಚುಕ್ಕೆ ಬರೋಷ್ಟು ಹಣ್ಣಾಗಿರೋ ಏಲಕ್ಕಿ ಬಾಳೆ, ಕಿತ್ತಳೆ ಸಿಪ್ಪೆ, ಚಕ್ಕೋತ ಸಿಕ್ಕಿದ್ರೆ ಅದರ ಸಿಪ್ಪೆ, ರಾಗಿ ಹುರಿಹಿಟ್ಟು, ಕಾಫಿ ಪುಡಿ, ಬೆಲ್ಲ, ಬೆಣ್ಣೆ. ಮನೇಲಿ ಯಾರನ್ನಾದ್ರೂ ಕರೆದು ಕಣ್ಮುಚ್ಕೊಂಡು ಕೂತ್ಕೊಳ್ಳಿ, ಒಂದೊಂದೇ ಮೂಗಿನ ಹತ್ರ ತರೋಕೆ ಹೇಳಿ, ಹೆಸರು ಹೇಳಿ. ದಿನಾ ಮೂಸೋ ಧನಿಯಾ ಕೂಡ ಕಣ್ಮುಚ್ಚಿದಾಗ ತಟ್ ಅಂತ ಬಾಯಿಗೆ ಬರಲ್ಲ, "ಗೊತ್ತು, ಗೊತ್ತು, ಆದ್ರೆ ಹೆಸರು ಬರ್ತಿಲ್ಲ" ಅಂತ ಒದ್ದಾಡ್ತೀರ. ಆ ಒದ್ದಾಟಾನೇ ಅಭ್ಯಾಸ. ನಾಲ್ಕು ಸಲ ಮಾಡಿದ್ರೆ ಹೆಸರು ಬೇಗ ಬರೋಕೆ ಶುರುವಾಗತ್ತೆ.

ಆಮೇಲೆ ಮೂಗು ಗಟ್ಟಿಯಾಗಿ ಹಿಡ್ಕೊಂಡು ಒಂದು ಚೂರು ಬಾಳೆಹಣ್ಣು ಬಾಯಿಗೆ ಹಾಕ್ಕೊಂಡು ಅಗಿಯಿರಿ. ಸಿಹಿ ಗೊತ್ತಾಗತ್ತೆ, ಮೆತ್ತಗಿದೆ ಅಂತ ಗೊತ್ತಾಗತ್ತೆ, ಆದ್ರೆ ಬಾಳೆ ಅಂತ ಗೊತ್ತಾಗಲ್ಲ. ಈಗ ಮೂಗು ಬಿಡಿ. ಬಾಳೆಹಣ್ಣು ಒಂದೇ ಸಲಕ್ಕೆ ಬಂದು ಬಾಯಿ ತುಂಬ್ಕೊಳ್ಳತ್ತೆ. ಯಾಕಂದ್ರೆ ನಾಲಿಗೆಗೆ ತಿಳಿಯೋದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ ಅಷ್ಟೇ, ಉಳಿದದ್ದೆಲ್ಲ ಬಾಯಿ ಹಿಂದಿನಿಂದ ಮೂಗಿಗೆ ಹೋಗೋ ಘಮ. ಬಿಯರ್ ನುಂಗಿದ ಮೇಲೆ ಬಾಯಿ ಮುಚ್ಕೊಂಡು ಮೂಗಲ್ಲಿ ಉಸಿರು ಬಿಡಿ ಅಂತ ಹೇಳೋದು ಇದಕ್ಕೇ.

ಇನ್ನೊಂದು, ಕಹಿ ಬೇರೆ ಒಗರು ಬೇರೆ. ನಾಲ್ಕು ಕಾಳು ಮೆಂತ್ಯ ಅಗಿದು ನೋಡಿ, ಅದು ಕಹಿ. ಎಳೆ ಬಾಳೆಕಾಯಿ ಅಥವಾ ಅಡಿಕೆ ಕಚ್ಚಿದಾಗ ನಾಲಿಗೆ ಒಣಗಿ ಹಿಡ್ಕೊಂಡಂಗೆ ಆಗೋದು ಒಗರು. ಬಿಯರಲ್ಲಿ ಕಹಿ ಬೇಕು, ಒಗರು ಜಾಸ್ತಿ ಇದ್ರೆ ಸಾಮಾನ್ಯವಾಗಿ ಮಾಡೋದ್ರಲ್ಲಿ ಏನೋ ಹೆಚ್ಚುಕಮ್ಮಿ ಆಗಿರತ್ತೆ.

3. ಎಲ್ಲಿಗೆ, ಯಾವಾಗ

ಈ ಊರಿಗೂ ಬಿಯರ್‌ಗೂ ನಂಟು ಹಳೇದು. 1915ರಲ್ಲಿ ಥಾಮಸ್ ಲೀಶ್ಮನ್ ಅನ್ನೋರು ದಕ್ಷಿಣ ಭಾರತದ ಐದು ಬ್ರೂವರಿ ಸೇರಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ್ರು, ವಿಠಲ್ ಮಲ್ಯ ರೋಡಲ್ಲಿರೋ ಯುಬಿ ಸಿಟಿ ನಿಂತಿರೋದು ಆ ಹಳೇ ಬ್ರೂವರಿ ಜಾಗದಲ್ಲೇ. ಅಲ್ಲೇ ಮಾಡಿ ಅಲ್ಲೇ ಕೊಡೋ ಮೈಕ್ರೋಬ್ರೂವರಿಗಳ ಕಾಲ ಶುರುವಾಗಿದ್ದು 2010ರಿಂದ ಈಚೆಗೆ. ಇಂದಿರಾನಗರ 100 ಅಡಿ ರಸ್ತೆಯ ಟಾಯ್ಟ್ 2010ರಲ್ಲಿ ಬಂತು, ಮಗ್ರಾತ್ ರೋಡಿನ ಆರ್ಬರ್ ಮತ್ತೆ ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ 2012ರಲ್ಲಿ, ಆಮೇಲೆ ಹೆಣ್ಣೂರು, ಸರ್ಜಾಪುರ, ಓಲ್ಡ್ ಮದ್ರಾಸ್ ರೋಡ್ ಕಡೆ ಎಲ್ಲ ದೊಡ್ಡದೊಡ್ಡ ಜಾಗಗಳು ಎದ್ವು.

ಮೊದಲ್ನೇ ಸಲ ಶುಕ್ರವಾರ, ಶನಿವಾರ ರಾತ್ರಿ ಮಾತ್ರ ಬೇಡ. ಮ್ಯೂಸಿಕ್ ಜೋರು, ಜನ ಜೋರು, ಸರ್ವ್ ಮಾಡೋರಿಗೆ ನಿಮ್ಮ ಪ್ರಶ್ನೆಗೆ ಉತ್ತರ ಹೇಳೋಕೆ ಪುರುಸೊತ್ತು ಎಲ್ಲಿಂದ ಬರ್ಬೇಕು. ವಾರದ ದಿನ ಮಧ್ಯಾಹ್ನ ಊಟದ ಹೊತ್ತು ಮುಗಿದ್ಮೇಲೆ ಅಥವಾ ಸಂಜೆ ಐದರ ಹೊತ್ತಿಗೆ ಹೋದ್ರೆ ಗಾಜಿನ ಹಿಂದೆ ಸ್ಟೀಲ್ ಟ್ಯಾಂಕ್ ಹತ್ರ ಬ್ರೂವರ್ರೇ ಓಡಾಡ್ತಿರ್ತಾರೆ, ಆಸಕ್ತಿಯಿಂದ ಕೇಳಿದ್ರೆ ಖುಷಿಯಾಗಿ ಹೇಳೋರೇ ಜಾಸ್ತಿ. ಹೋಗೋ ಮುಂಚೆ ಜಾಸ್ತಿ ಸೆಂಟ್ ಹಾಕ್ಕೋಬೇಡಿ, ಪಾನ್, ಸಿಗರೇಟು ಬೇಡ, ಖಾಲಿ ಹೊಟ್ಟೇಲೂ ಹೋಗ್ಬೇಡಿ.

ಗಾಡಿ ತಗೊಂಡು ಹೋಗ್ಬೇಡಿ. ಕಾನೂನು ಪ್ರಕಾರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಂಗಿಲ್ಲ, ಮೊದಲ್ನೇ ಸಲ ಸಿಕ್ಕಿಬಿದ್ರೆ 10,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಇಂದಿರಾನಗರಕ್ಕೆ, ಎಂಜಿ ರೋಡಿಗೆ, ವೈಟ್‌ಫೀಲ್ಡಿಗೆ ನಮ್ಮ ಮೆಟ್ರೋ ಪರ್ಪಲ್ ಲೈನೇ ಹೋಗತ್ತೆ.

4. ಮೆನು ಓದೋದು

ಹೆಸರಿನ ಪಕ್ಕ ಎರಡು ನಂಬರ್ ಇರತ್ತೆ, ಎಬಿವಿ ಮತ್ತೆ ಐಬಿಯು.

ಎಬಿವಿ ಅಂದ್ರೆ ಆಲ್ಕೋಹಾಲ್ ಪರ್ಸೆಂಟು. ಬಿಯರ್ ತಾನೇ, ಏನಾಗತ್ತೆ ಅನ್ನೋರು ಈ ಲೆಕ್ಕ ಒಂದ್ಸಲ ನೋಡ್ಬೇಕು. 5 ಪರ್ಸೆಂಟಿನ ಅರ್ಧ ಲೀಟರ್ ಮಗ್ಗಲ್ಲಿ ಇರೋ ಆಲ್ಕೋಹಾಲ್ 25 ಮಿಲಿ. ನಮ್ಮಲ್ಲಿ ಸಿಗೋ ವಿಸ್ಕಿ 42.8 ಪರ್ಸೆಂಟು, ಅಂದ್ರೆ 30 ಮಿಲಿಯ ಒಂದು ಸ್ಮಾಲ್‌ನಲ್ಲಿ ಹೆಚ್ಚುಕಮ್ಮಿ 13 ಮಿಲಿ. ಅಲ್ಲಿಗೆ ಒಂದು ಮಗ್ ಅಂದ್ರೆ ಎರಡು ಸ್ಮಾಲು. ಮೂರು ಮಗ್ ಅಂದ್ರೆ ಒಂದು ಕ್ವಾರ್ಟರ್. ರುಚಿ ನೋಡೋಕೆ ಹೋದೋರು ಒಂದೂವರೆ ಮಗ್ ಆಗೋ ಹೊತ್ತಿಗೆ ಮುಗಿಸೋದು ವಾಸಿ, ಅದರ ಮೇಲೆ ಮೂಗೂ ಕೆಲಸ ಮಾಡಲ್ಲ, ನಾಲಿಗೇನೂ ಕೆಲಸ ಮಾಡಲ್ಲ.

ಐಬಿಯು ಕಹಿಯ ಅಳತೆ. ವೀಟ್ ಬಿಯರ್‌ಗಳಲ್ಲಿ 8ರಿಂದ 20ರೊಳಗೆ, ಪಿಲ್ಸ್ನರಲ್ಲಿ 22ರಿಂದ 45, ಐಪಿಎನಲ್ಲಿ (ಇಂಡಿಯಾ ಪೇಲ್ ಏಲ್, ಹಾಪ್ಸ್ ಜಾಸ್ತಿ ಇರೋ ಬಿಯರ್) 40ರಿಂದ 70. ಆದ್ರೆ ಇದನ್ನೇ ನೆಚ್ಕೋಬೇಡಿ, ಯಾಕಂದ್ರೆ ಮಾಲ್ಟ್ ಸಿಹಿ ಜಾಸ್ತಿ ಇದ್ರೆ 40 ಐಬಿಯು ಕೂಡ ಮೆತ್ತಗನ್ಸತ್ತೆ, ಸಿಹೀನೇ ಇಲ್ಲದ ಬಿಯರಲ್ಲಿ 30 ಕೂಡ ಚುರುಕಾಗಿ ಹತ್ತತ್ತೆ. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕೋ ಊರಿನವ್ರಿಗೆ ಇದು ಅರ್ಥ ಆಗ್ದೇ ಇರೋ ವಿಷಯ ಅಲ್ಲ.

ಕಪ್ಪು ಬಿಯರ್ ಅಂದ್ರೆ ಸ್ಟ್ರಾಂಗು, ಹೊಟ್ಟೆ ತುಂಬ್ಕೊಳ್ಳತ್ತೆ ಅನ್ನೋ ನಂಬಿಕೆ ಎಲ್ಲ ಕಡೆ ಇದೆ. ಗಿನ್ನೆಸ್ ಡ್ರಾಫ್ಟ್ ಅಷ್ಟು ಕಪ್ಪಗಿದ್ರೂ ಅದರಲ್ಲಿ 4.2 ಪರ್ಸೆಂಟ್ ಅಷ್ಟೇ. ಬೆಲ್ಜಿಯಂನ ಡುವೆಲ್ ನೋಡೋಕೆ ತಿಳಿ ಹೊಂಬಣ್ಣ, ಅದರಲ್ಲಿ 8.5. ಬಣ್ಣ ಹೇಳೋದು ಮಾಲ್ಟನ್ನ ಎಷ್ಟು ಹುರಿದಿದ್ದಾರೆ ಅಂತ ಮಾತ್ರ.

5. ಸ್ಯಾಂಪ್ಲರ್ ತಗೊಳ್ಳಿ, ಮಗ್ ಬೇಡ

ತುಂಬಾ ಕಡೆ ಸಣ್ಣ ಗ್ಲಾಸುಗಳ ಸೆಟ್ ಸಿಗತ್ತೆ. ಇಬ್ಬರು ಸೇರಿ ಒಂದು ಸೆಟ್ ಹಂಚ್ಕೊಂಡ್ರೆ ಸಾಕು. ಸೆಟ್ ಇಲ್ದೇ ಇದ್ರೆ "ಬಾಸ್, ಆರ್ಡರ್ ಮಾಡೋ ಮುಂಚೆ ಒಂದು ಟೇಸ್ಟರ್ ಕೊಡ್ತೀರಾ?" ಅಂತ ಕೇಳಿ, ಒಂದು ಗುಟುಕಿನಷ್ಟು ಕೊಡ್ತಾರೆ, ಕೇಳೋಕೆ ಸಂಕೋಚ ಏನೂ ಬೇಡ. ಹಾಗೇ ಇವತ್ತು ಯಾವುದು ಹೊಸದಾಗಿ ಟ್ಯಾಪ್‌ಗೆ ಬಂದಿದೆ ಅಂತಾನೂ ಕೇಳಿ. ಈ ಬಿಯರ್‌ಗಳು ಹೆಚ್ಚಾಗಿ ಫಿಲ್ಟರ್ ಮಾಡದೇ ಕೊಡೋವು, ತಾಜಾ ಇದ್ದಷ್ಟೂ ಒಳ್ಳೇದು.

ಕುಡಿಯೋ ಕ್ರಮ ಮುಖ್ಯ. ಮೆದು ಇರೋದು ಮೊದ್ಲು, ಕಹಿ ಮತ್ತೆ ಹುರಿದ ರುಚಿ ಕೊನೆಗೆ: ಲಾಗರ್ ಅಥವಾ ಬ್ಲಾಂಡ್, ಆಮೇಲೆ ವಿಟ್ (ಬೆಲ್ಜಿಯಂ ಶೈಲಿಯ ಗೋಧಿ ಬಿಯರ್), ಹೆಫೆವೈಜನ್ (ಜರ್ಮನ್ ಶೈಲಿಯ ಗೋಧಿ ಬಿಯರ್, ಮೆನುವಲ್ಲಿ ವೈಸ್ ಅಂತಾನೂ ಇರತ್ತೆ), ಆಂಬರ್ ಅಥವಾ ರೆಡ್ ಏಲ್, ಐಪಿಎ, ಸ್ಟೌಟ್. ಐಪಿಎ ಮೊದ್ಲೇ ಕುಡಿದ್ಬಿಟ್ರೆ ಅದರ ಕಹಿ ನಾಲಿಗೆ ಮೇಲೆ ಕೂತು ಆಮೇಲೆ ಬರೋ ವಿಟ್ ನೀರಿನ ಥರ ಅನ್ಸತ್ತೆ. ಮಧ್ಯೆ ಮಧ್ಯೆ ನೀರು ಕುಡೀರಿ, ಸಪ್ಪೆ ಬ್ರೆಡ್ ಇದ್ರೆ ಒಂದು ಚೂರು ತಿನ್ನಿ.

6. ಗ್ಲಾಸು ಮುಂದೆ ಬಂದ್ಮೇಲೆ

ಒಂದು ಹೆಫೆವೈಜನ್ ತಗೊಂಡು ನೋಡೋಣ, ಟಾಯ್ಟ್‌ನಲ್ಲಿ ಟಾಯ್ಟ್ ವೈಸ್ ಅಂತ ಇರತ್ತೆ, ಈ ಊರಿನ ಬಹಳಷ್ಟು ಬ್ರೂವರಿಗಳಲ್ಲಿ ಯಾವುದೋ ಒಂದು ಹೆಸರಲ್ಲಿ ಈ ಸ್ಟೈಲ್ ಸಿಗತ್ತೆ. ಶುರು ಮಾಡೋರಿಗೆ ಇದಕ್ಕಿಂತ ಒಳ್ಳೇ ಗುರು ಇಲ್ಲ.

ಮೊದ್ಲು ಮುಟ್ಟದೇ ನೋಡಿ. ಮಬ್ಬಾದ ಅರಿಶಿನ ಬಣ್ಣ, ಮೇಲೆ ಎರಡು ಬೆರಳು ದಪ್ಪ ಬಿಳೀ ನೊರೆ. ಮಬ್ಬಾಗಿರೋದು ಕೆಟ್ಟಿರೋದಕ್ಕಲ್ಲ, ಗೋಧಿಯ ಪ್ರೋಟೀನು ಮತ್ತೆ ತೇಲ್ತಿರೋ ಯೀಸ್ಟು. ನೊರೆ ಜಾಸ್ತಿ ಆಯ್ತು ಅಂತ ಜಗಳ ಬೇಡ, ಘಮ ಎಲ್ಲ ಅದರ ಮೇಲೇನೇ ಬರೋದು. ಗ್ಲಾಸಿನ ಒಳಗೋಡೆಗೆ ನೊರೆ ಕೆಳಗೆ ಗುಳ್ಳೆಗಳು ಅಂಟ್ಕೊಂಡು ನಿಂತಿವೆಯಾ ನೋಡಿ, ಹಾಗಿದ್ರೆ ಗ್ಲಾಸು ಸರಿಯಾಗಿ ತೊಳೆದಿಲ್ಲ, ಜಿಡ್ಡೋ ಸೋಪೋ ಉಳಿದಿದೆ ಅಂತರ್ಥ. ಮರ್ಯಾದೆಯಿಂದ ಬೇರೆ ಗ್ಲಾಸು ಕೇಳಿ.

ಈಗ ಗ್ಲಾಸನ್ನ ಒಂದು ಸುತ್ತು ಮೆಲ್ಲಗೆ ತಿರುಗಿಸಿ, ಮೂಗು ಹತ್ರ ತಂದು ಎರಡು ಸಣ್ಣ ಉಸಿರು ಎಳ್ಕೊಳ್ಳಿ. ಉದ್ದುದ್ದ ಎಳೆದ್ರೆ ಮೂಗು ಬೇಗ ದಣಿಯತ್ತೆ. ಬಾಳೆಹಣ್ಣು ಬಂತಾ? ಅದು ಸುಮ್ನೆ ಅನ್ಸೋದಲ್ಲ, ಬಾಳೆಹಣ್ಣಲ್ಲಿರೋ ಐಸೋಅಮೈಲ್ ಅಸಿಟೇಟ್ ಅನ್ನೋ ಅದೇ ವಸ್ತೂನ ಈ ಯೀಸ್ಟೂ ಮಾಡತ್ತೆ. ಬಾಳೆ ಒಂಚೂರೂ ಹಾಕಿರಲ್ಲ. ಅದರ ಹಿಂದೇನೇ ಲವಂಗ, ಅದೂ ಯೀಸ್ಟಿಂದೇ. ಕೆಲವು ಕಡೆ ಬಾಳೆ ಮುಂದಿರತ್ತೆ, ಕೆಲವು ಕಡೆ ಲವಂಗ ಮುಂದಿರತ್ತೆ, ಯೀಸ್ಟನ್ನ ಎಷ್ಟು ಬೆಚ್ಚಗೆ ಇಟ್ಟಿದ್ರು ಅನ್ನೋದರ ಮೇಲೂ ಅದು ಹೋಗತ್ತೆ. ನಿಮಗೆ ಯಾವುದು ಮೊದ್ಲು ಬಂತು ಅಂತ ಗಮನಿಸಿ, ಜೊತೇಲಿರೋರನ್ನ ಈಗ್ಲೇ ಕೇಳ್ಬೇಡಿ, ಅವ್ರು ಹೇಳಿದ ತಕ್ಷಣ ನಿಮಗೂ ಅದೇ ಕಾಣೋಕೆ ಶುರುವಾಗತ್ತೆ.

ಒಂದು ಗುಟುಕು. ತಕ್ಷಣ ನುಂಗ್ಬೇಡಿ, ಬಾಯೆಲ್ಲ ಓಡಾಡ್ಲಿ. ಮೊದ್ಲು ಬ್ರೆಡ್ಡಿನ ಥರದ ಸಣ್ಣ ಸಿಹಿ, ಗುಳ್ಳೆಗಳ ಚುಮುಚುಮು, ಕಹಿ ಇದೆಯೋ ಇಲ್ವೋ ಅನ್ನೋಷ್ಟು. ನುಂಗಿ, ಬಾಯಿ ಮುಚ್ಚಿ ಮೂಗಲ್ಲಿ ಉಸಿರು ಬಿಡಿ, ಬಾಳೆಹಣ್ಣು ಇನ್ನೊಂದ್ಸಲ ಬರತ್ತೆ, ಈ ಸಲ ಇನ್ನೂ ಜೋರಾಗಿ. ಆಮೇಲೆ ಹತ್ತು ನಿಮಿಷ ಬಿಟ್ಟು ಅದೇ ಗ್ಲಾಸನ್ನ ಮತ್ತೆ ಮೂಸಿ. ಸ್ವಲ್ಪ ಬೆಚ್ಚಗಾಗಿರತ್ತೆ, ಮೊದ್ಲು ಮುಚ್ಕೊಂಡಿದ್ದ ಲವಂಗ ಈಗ ಹೊರಗೆ ಬಂದಿರತ್ತೆ. ಚಿಲ್ಡ್ ಇದ್ರೇನೇ ಬಿಯರ್ ಅನ್ನೋದು ಲಾಗರ್‌ಗೆ ಸರಿ, ಅದು 4ರಿಂದ 7 ಡಿಗ್ರೀಲಿ ಚೆನ್ನ. ಐಪಿಎ 7ರಿಂದ 10, ಸ್ಟೌಟು 10ರ ಮೇಲೆ ಇದ್ರೇನೇ ಮಾತಾಡೋದು. ಐಸ್ ಹಿಡಿದ ಮಗ್ ಕೊಟ್ರೆ ಬೇಡ ಅನ್ನಿ, ಅಷ್ಟು ತಣ್ಣಗಿದ್ರೆ ಘಮ ಏಳಲ್ಲ.

7. ಮಿಕ್ಕ ಸ್ಟೈಲ್‌ಗಳಲ್ಲಿ ಏನು ಹುಡುಕ್ಬೇಕು

ಬೆಲ್ಜಿಯನ್ ವಿಟ್ ನೋಡೋಕೆ ಹೆಫೆವೈಜನ್ ಥರಾನೇ, ಆದ್ರೆ ಇಲ್ಲಿ ನಿಜವಾಗ್ಲೂ ಧನಿಯಾ ಮತ್ತೆ ಕಿತ್ತಳೆ ಸಿಪ್ಪೆ ಹಾಕಿರ್ತಾರೆ. ಈ ಸ್ಟೈಲ್ ಬೆಲ್ಜಿಯಂನಲ್ಲಿ ನಿಂತೇ ಹೋಗಿತ್ತು, ಹೂಗಾರ್ಡನ್ ಊರಲ್ಲಿ ಪಿಯರ್ ಸೆಲಿಸ್ ಅನ್ನೋರು 1960ರ ದಶಕದಲ್ಲಿ ಮತ್ತೆ ಶುರು ಮಾಡಿದ್ರು. ವಿಟ್ ಮತ್ತೆ ಹೆಫೆವೈಜನ್ ಅಕ್ಕಪಕ್ಕ ಇಟ್ಕೊಂಡು ಮೂಸೋದು ನನಗೆ ತುಂಬಾ ಇಷ್ಟವಾದ ಅಭ್ಯಾಸ, ಒಂದರಲ್ಲಿ ಯೀಸ್ಟ್ ಕೊಟ್ಟ ಮಸಾಲೆ, ಇನ್ನೊಂದರಲ್ಲಿ ಡಬ್ಬಿಯಿಂದ ತೆಗೆದು ಹಾಕಿದ ಮಸಾಲೆ, ಆ ವ್ಯತ್ಯಾಸ ಗೊತ್ತಾದ ದಿನ ತುಂಬಾ ಖುಷಿಯಾಗತ್ತೆ.

ಐಪಿಎಗೆ ಇಂಡಿಯಾ ಹೆಸರಿದೆ. ಇಲ್ಲಿಗೆ ಕಳಿಸೋಕೆ ಅಂತಾನೇ ಹಾಪ್ಸ್ ಜಾಸ್ತಿ ಹಾಕೋದನ್ನ ಕಂಡುಹಿಡಿದ್ರು ಅಂತ ಎಲ್ರೂ ಹೇಳೋ ಕಥೆ ಪೂರ್ತಿ ಸರಿಯಿಲ್ಲ. ಹಾಪ್ಸ್ ಹಾಕಿದ್ರೆ ಬಿಯರ್ ಬೇಗ ಕೆಡಲ್ಲ ಅಂತ ಇಂಗ್ಲೆಂಡಲ್ಲಿ ಮುಂಚೆಯೇ ಗೊತ್ತಿತ್ತು, ಲಂಡನ್ನಿನ ಹಾಡ್ಸನ್ ಬ್ರೂವರಿಯಂಥವ್ರು 18ನೇ ಶತಮಾನದ ಕೊನೇಲೇ ಹಡಗಲ್ಲಿ ಇಲ್ಲಿಗೆ ಕಳಿಸ್ತಿದ್ರು, ಈ ಹೆಸರು ರೂಢಿಗೆ ಬಂದಿದ್ದು ಆಮೇಲೆ. ಇವತ್ತು ಬೆಂಗಳೂರಲ್ಲಿ ಸಿಗೋದು ಹೆಚ್ಚಾಗಿ ಅಮೆರಿಕನ್ ಶೈಲಿಯದು, ಆರ್ಬರ್‌ನ ರೇಜಿಂಗ್ ಎಲಿಫೆಂಟ್ ಈ ಸಾಲಿಗೆ ಸೇರಿದ್ದು. 1972ರಲ್ಲಿ ಬಂದ ಕ್ಯಾಸ್ಕೇಡ್ ಅನ್ನೋ ಹಾಪ್ಸ್ ತಳಿಯ ಘಮಾನ ಅಮೆರಿಕದವ್ರು ಗ್ರೇಪ್‌ಫ್ರೂಟ್ ಅಂತಾರೆ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತೆ ಕಿತ್ತಳೆ ಸೇರಿ, ಹಾಗಾಗಿ ದೇವನಹಳ್ಳಿ ಚಕ್ಕೋತ ಸುಲಿಯೋವಾಗ ಕೈಗೆ ಹತ್ತೋ ವಾಸನೇನ ನೆನಪಿಟ್ಕೊಂಡು ಐಪಿಎ ಮೂಸಿ ನೋಡಿ, ಸಿಗತ್ತೆ. ಮೊದಲ ಗುಟುಕಿಗೆ ಮುಖ ಹಿಂಡಿದ್ರೂ ಬಿಡ್ಬೇಡಿ, ಮೂರನೇ ಗುಟುಕಿಗೆ ನಾಲಿಗೆ ಹೊಂದ್ಕೊಳ್ಳತ್ತೆ. ಆಮೇಲೂ ಇಷ್ಟ ಆಗ್ಲಿಲ್ವಾ, ಆಯ್ತು, ಎಲ್ಲ ಇಷ್ಟ ಆಗ್ಲೇಬೇಕು ಅಂತೇನಿಲ್ಲ.

ಸ್ಟೌಟ್ ಕಾಫಿ ಕುಡಿಯೋರಿಗೆ ಸುಲಭ. ಸಕ್ಕರೆ ಹಾಕದ ಡಿಕಾಕ್ಷನ್, ಕೋಕೋ, ಒಂಚೂರು ಸೀದ ತಳದ ವಾಸನೆ, ಇದನ್ನೆಲ್ಲ ಹುಡುಕಿ. ಇದಕ್ಕೆ ಚಿಕ್ಕಮಗಳೂರು, ಕೊಡಗಿನ ಕಾಫೀನೇ ಹಾಕಿ ಮಾಡೋರೂ ಇದ್ದಾರೆ, ಆಗ ಹುರಿದ ಬಾರ್ಲಿ ಎಲ್ಲಿ ಮುಗೀತು ಕಾಫಿ ಎಲ್ಲಿ ಶುರುವಾಯ್ತು ಅಂತ ಪತ್ತೆ ಮಾಡೋದು ಒಳ್ಳೇ ಕೆಲಸ. ಆಂಬರ್, ರೆಡ್ ಏಲ್‌ಗಳಲ್ಲಿ ಬೆಲ್ಲದ ಪಾಕ, ಬಿಸ್ಕತ್ತು. ಬೇಸಿಗೇಲಿ ಮಾವಿನಹಣ್ಣಿನ ಬಿಯರ್ ಬರತ್ತೆ, ಅದು ಖುಷಿಗೆ ಒಂದು ಗ್ಲಾಸ್ ಸರಿ, ಕಲಿಯೋಕೆ ಅಲ್ಲ, ಹಣ್ಣು ಮಿಕ್ಕಿದ್ದನ್ನೆಲ್ಲ ಮುಚ್ಚಿಬಿಡತ್ತೆ.

8. ಕೆಟ್ಟಿರೋದನ್ನ ಗುರುತು ಹಿಡಿಯೋದು

ಇಷ್ಟ ಆಗ್ಲಿಲ್ಲ ಅನ್ನೋದು ಬೇರೆ, ಕೆಟ್ಟಿದೆ ಅನ್ನೋದು ಬೇರೆ. ಲಾಗರಲ್ಲಿ ಪಾಪ್‌ಕಾರ್ನ್ ಬೆಣ್ಣೆ ವಾಸನೆ ಬಂದ್ರೆ ಅದು ಡೈಅಸಿಟೈಲ್, ಯೀಸ್ಟಿಗೆ ಕೆಲಸ ಮುಗಿಸೋಕೆ ಟೈಮ್ ಕೊಟ್ಟಿಲ್ಲ ಅಥವಾ ಪೈಪ್ ಗಲೀಜಾಗಿದೆ. ಬೇಯಿಸಿದ ಜೋಳದ ವಾಸನೆ ಬಂದ್ರೆ ಸರಿಯಾಗಿ ಕುದಿಸಿಲ್ಲ ಅಂತ ಅನುಮಾನ ಪಡಬಹುದು. ಒದ್ದೆ ರಟ್ಟಿನ ಡಬ್ಬದ ಮುಗ್ಗಲು ವಾಸನೆ ಗಾಳಿ ಸೇರಿ ಹಳೇದಾಗಿರೋದಕ್ಕೆ. ಹುಳಿ ಇರಬಾರದ ಸ್ಟೈಲಲ್ಲಿ ಮಜ್ಜಿಗೆ ಹುಳಿ ಬಂದ್ರೆ ಬ್ಯಾಕ್ಟೀರಿಯಾ ಸೇರಿದೆ.

ಬಾಟಲೀಲಿ ಇನ್ನೊಂದು ತೊಂದರೆ ಬೆಳಕಿಂದು. ಹಾಪ್ಸ್ ಕಹಿಗೆ ಬಿಸಿಲು ತಾಗಿದ್ರೆ ಒಂಥರಾ ಕಮಟು ವಾಸನೆ ಬರತ್ತೆ, ಹಸಿರು ಬಾಟಲಿ ಅದನ್ನ ತಡೆಯಲ್ಲ, ಕಂದು ಬಾಟಲಿ ಸ್ವಲ್ಪ ತಡೆಯತ್ತೆ, ಕ್ಯಾನ್ ಪೂರ್ತಿ ತಡೆಯತ್ತೆ. ವೈನ್ ಸ್ಟೋರಲ್ಲಿ ತಗೊಳೋವಾಗ ಬಾಗಿಲ ಹತ್ರ ಬಿಸಿಲಿಗೆ ಜೋಡಿಸಿರೋದು ಬೇಡ, ಫ್ರಿಜ್ ಒಳಗಿಂದ ಕೇಳಿ, ತಯಾರಾದ ತಾರೀಖು ನೋಡಿ. ಐಪಿಎ ಆದ್ರೆ ಮೂರು ತಿಂಗಳೊಳಗಿನದು ಹುಡುಕಿ, ಹಾಪ್ಸ್ ಘಮ ಬೇಗ ಹಾರಿಹೋಗತ್ತೆ.

ಪಬ್ಬಲ್ಲಿ ಕೆಟ್ಟಿದ್ದು ಬಂದ್ರೆ ಮೆತ್ತಗೆ ಹೇಳಿ: "ಸರ್, ಇದರಲ್ಲಿ ಬೆಣ್ಣೆ ವಾಸ್ನೆ ಬರ್ತಿದೆ, ಒಂದ್ಸಲ ನೋಡ್ತೀರಾ?" ಏನು ವಾಸನೆ ಅಂತ ಬಿಡಿಸಿ ಹೇಳಿದ್ರೆ ಒಳ್ಳೇ ಜಾಗದವ್ರು ಒಳಗೆ ಹೋಗಿ ಕೇಳ್ಕೊಂಡು ಬರ್ತಾರೆ, ಗ್ಲಾಸೂ ಬದಲಾಯಿಸ್ತಾರೆ.

9. ಜೊತೆಗೆ ಏನು ತಿನ್ನೋದು

ರುಚಿ ನೋಡೋವಾಗ ತಿನ್ಬೇಡಿ, ನೋಡಿ ಆದ್ಮೇಲೆ ಧಾರಾಳವಾಗಿ ತಿನ್ನಿ. ಒಂದು ವಿಷಯ ನೆನಪಿರ್ಲಿ, ಹಾಪ್ಸ್ ಕಹಿ ಮತ್ತೆ ಆಲ್ಕೋಹಾಲು ಎರಡೂ ಖಾರಾನ ಕೆರಳಿಸತ್ತೆ. ಖಾರದ ಚಿಕನ್ ಕಬಾಬಿನ ಜೊತೆ ಐಪಿಎ ಕುಡಿದ್ರೆ ಬಾಯಿ ಉರೀತಾನೇ ಇರತ್ತೆ, ಅದಕ್ಕೆ ಆಂಬರ್ ಏಲ್ ಸರಿ, ಮಾಲ್ಟಿನ ಸಿಹಿ ಖಾರಾನ ತಣಿಸತ್ತೆ. ದೊನ್ನೆ ಬಿರಿಯಾನಿಗೂ ಅದೇ. ಕಾಂಗ್ರೆಸ್ ಕಡ್ಲೆಕಾಯಿ, ಕೋಡುಬಳೆ, ನಿಪ್ಪಟ್ಟು ಇಂಥ ಕುರುಕಲಿಗೆ ಪಿಲ್ಸ್ನರ್, ಎಣ್ಣೇನ ಗುಳ್ಳೆಗಳು ತೊಳ್ಕೊಂಡು ಹೋಗತ್ತೆ. ರವಾ ಹಾಕಿ ಹುರಿದ ಮೀನಿಗೆ ನಿಂಬೆಹಣ್ಣು ಹಿಂಡೋ ಬದ್ಲು ವಿಟ್ ಇಟ್ಟು ನೋಡಿ. ಪಂದಿ ಕರಿಯಲ್ಲಿ ಕಾಚಂಪುಳಿ ಹುಳಿ ಮತ್ತೆ ಕಪ್ಪಗೆ ಹುರಿದ ಮಸಾಲೆ ಇರತ್ತಲ್ಲ, ಅದಕ್ಕೆ ಸ್ಟೌಟ್ ಹೇಳಿ ಮಾಡಿಸಿದ ಜೋಡಿ. ಸ್ಟೌಟ್ ಉಳಿದಿದ್ರೆ ಮೈಸೂರ್ ಪಾಕ್ ಜೊತೆ ಮುಗಿಸಿ, ಹುರಿದ ಕಡ್ಲೆಹಿಟ್ಟು ಮತ್ತೆ ತುಪ್ಪದ ಘಮಕ್ಕೆ ಆ ಕಹಿ ಸಖತ್ತಾಗಿ ಹೊಂದತ್ತೆ.

10. ಬರೆದಿಡಿ, ಆಮೇಲೆ ನಿಮ್ಮನ್ನ ನೀವೇ ಪರೀಕ್ಷೆ ಮಾಡ್ಕೊಳ್ಳಿ

ಫೋನಲ್ಲಿ ಮೂರು ಸಾಲು ಸಾಕು: ಎಲ್ಲಿ, ಯಾವುದು, ಮೂಗಿಗೆ ಬಂದ ಮೊದಲ್ನೇ ಎರಡು ವಾಸನೆ. ಸ್ಟಾರ್ ಕೊಡೋದು ಬೇಡ, "ಚೆನ್ನಾಗಿದೆ" ಅಂತಾನೂ ಬೇಡ, ಆರು ತಿಂಗಳಾದ್ಮೇಲೆ ಓದಿದ್ರೆ ಅದರಿಂದ ಏನೂ ತಿಳಿಯಲ್ಲ. "ಏಲಕ್ಕಿ ಬಾಳೆ ಜಾಸ್ತಿ, ಲವಂಗ ಕಮ್ಮಿ, ಕೊನೇಲಿ ಹುರಿಹಿಟ್ಟು" ಅಂತ ಬರೆದ್ರೆ ಆ ಗ್ಲಾಸೇ ಕಣ್ಮುಂದೆ ಬರತ್ತೆ. ಸ್ಟೈಲ್‌ಗಳ ಬಗ್ಗೆ ಇನ್ನೂ ಆಳಕ್ಕೆ ಹೋಗ್ಬೇಕು ಅಂದ್ರೆ ಬಿಜೆಸಿಪಿ ಅನ್ನೋ ಸಂಸ್ಥೆಯ 2021ರ ಸ್ಟೈಲ್ ಗೈಡ್ ಫ್ರೀಯಾಗಿ ಸಿಗತ್ತೆ, ಹೊಸ ಸ್ಟೈಲ್ ಕುಡಿಯೋ ಮುಂಚೆ ಅದರದ್ದು ಒಂದು ಪುಟ ಓದ್ಕೊಂಡು ಹೋಗಿ.

ಸ್ವಲ್ಪ ದಿನ ಆದ್ಮೇಲೆ ಮನೇಲಿ ಇದನ್ನ ಮಾಡಿ. ಎರಡು ಕಂಪನಿಯ ವೀಟ್ ಬಿಯರ್ ಕ್ಯಾನ್ ತನ್ನಿ, ಎರಡೂ ಒಂದೇ ಹೊತ್ತು ಫ್ರಿಜ್ಜಲ್ಲಿರ್ಲಿ. ಒಂದೇ ಥರದ ಮೂರು ಗ್ಲಾಸು ತಗೊಂಡು ಫ್ರೆಂಡ್‌ಗೆ ಹೇಳಿ ಎರಡರಲ್ಲಿ ಒಂದು ಬಿಯರ್, ಮೂರನೇದ್ರಲ್ಲಿ ಇನ್ನೊಂದು, 50 ಮಿಲಿ ಅಷ್ಟಷ್ಟೇ ಹಾಕಿಸಿ, ನೀವು ಆ ಕಡೆ ತಿರುಗಿರಿ. ಬೇರೆ ಇರೋದು ಯಾವುದು ಅಂತ ಬರೀ ಮೂಸಿ ಹೇಳ್ಬೇಕು, ಕುಡಿಯೋದು ಆಮೇಲೆ. ಸುಮ್ನೆ ಊಹಿಸಿದ್ರೂ ಮೂರರಲ್ಲಿ ಒಂದು ಸಲ ಸರಿ ಬರತ್ತೆ, ಅದಕ್ಕೆ ಗ್ಲಾಸುಗಳ ಜಾಗ ಬದಲಾಯಿಸ್ಕೊಂಡು ಐದಾರು ಸಲ ಮಾಡಿ. ಪ್ರತಿ ಸಲಾನೂ ಸರಿ ಹೇಳೋಕೆ ಬಂದ್ರೆ ಮುಂದಿನ ಸಲ ಎರಡು ಲಾಗರ್ ಇಟ್ಟು ಮಾಡಿ, ಅದು ತುಂಬಾ ಕಷ್ಟ.